ಮತ್ತು ಮಗ

ಬೋರ್ಡು ಬರೆಯುವವನು ಏಣಿ ಹತ್ತಿ, ಬಟ್ಟೆಗೆ ಬಣ್ಣ ಹಾಕುವ ನಮ್ಮ ಕಾರ್ಖಾನೆಯ ಹೆಸರಿನ ಪಕ್ಕದಲ್ಲಿ ‘ಮತ್ತು ಮಗ’ ಎಂದು ಸೇರಿಸುತ್ತಿದ್ದ. ಆ ಮಗನಿಗೆ ಏಳು ವರ್ಷ.

ಅಣ್ಣನಿಗೆ ಅರವತ್ತಮೂರು. ಐವತ್ತಾರರವರೆಗೂ ಮಕ್ಕಳಿಲ್ಲದೆ, “ನನ್ನ ನಂತರ ಎಲ್ಲಾ ನಿಂದೇ ಕಣೇ” ಎಂದು ನನಗೆ ಹೇಳುತ್ತಾ ಬಂದವನು. ಆ ಮಾತು ನಂಬಿಕೊಂಡು ಇಪ್ಪತ್ತೆರಡು ವರ್ಷ ಬಣ್ಣದ ತೊಟ್ಟಿಗಳ ಹಬೆ ಕುಡಿದೆ. ಮಗು ಹುಟ್ಟಿದ ದಿನ ನನ್ನಷ್ಟು ಕುಣಿದಾಡಿದವರು ಯಾರೂ ಇಲ್ಲ. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಪಾಪ, ಅದಕ್ಕಿನ್ನೂ ಶೂ ಲೇಸು ಕಟ್ಟಿಕೊಳ್ಳಲು ಬರುವುದಿಲ್ಲ.

“ಮತ್ತೆ ನಾನು?” ಎಂದು ಕೇಳಿದೆ.

“ನೀನು ಇದೀಯಲ್ಲ! ಅವನು ದೊಡ್ಡವನಾಗೋ ತನಕ ನೋಡ್ಕೋ.”

“ಅವನಿಗೆ ಇಪ್ಪತ್ತೈದು ಆಗೋ ಹೊತ್ತಿಗೆ ನಂಗೆ ಅರವತ್ನಾಲ್ಕು, ಅಣ್ಣ. ಆಮೇಲೆ?”

“ಆಮೇಲೆ ಆರಾಮಾಗಿರು. ಅತ್ತೆ ಅಂತ ಅವನು ನೋಡ್ಕೊಳ್ಳಲ್ವಾ?”

ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಮೇಸ್ತ್ರಿ ಗಾಢ ನೀಲಿ ಆಗಬೇಕಿದ್ದ ಬಟ್ಟೆ ತಂದು ಕಿಟಕಿಯ ಬಳಿ ಹರಡಿದ. ಹಗಲು ಬೆಳಕಿನಲ್ಲಿ ಮಾದರಿ ತುಂಡಿನ ಜೊತೆ ಹೋಲಿಸಿ ಅಣ್ಣ “ಸರಿ” ಎನ್ನದೆ ಯಾವ ಬಟ್ಟೆಯೂ ಹೊರಗೆ ಹೋಗುವಂತಿಲ್ಲ. ಆದರೆ ಪೊರೆ ಬಂದು ಆರು ವರ್ಷದಿಂದ ಅವನ ಕಣ್ಣಿಗೆ ನೀಲಿಯೂ ಒಂದೇ, ಕಪ್ಪೂ ಒಂದೇ. ಆಪರೇಷನ್ ಎಂದರೆ ಹೌಹಾರುತ್ತಾನೆ. ಕೆಲಸದವರ ಮುಂದೆ ಅವನ ಮಾನ ಹೋಗಬಾರದೆಂದು, ಬಣ್ಣ ತಪ್ಪಿದ್ದರೆ ನಾನು ಹಿಂದೆ ನಿಂತು ಕೆಮ್ಮುತ್ತಿದ್ದೆ. ಅಣ್ಣ “ಸರಿ” ಎಂದರೂ ಮೇಸ್ತ್ರಿ ಆ ಬಟ್ಟೆಯನ್ನು ಸದ್ದಿಲ್ಲದೆ ವಾಪಸ್ ತೊಟ್ಟಿಗೆ ಹಾಕುತ್ತಿದ್ದ. ಅಣ್ಣನಿಗೆ ಇದರ ಗಂಧಗಾಳಿಯೂ ಇಲ್ಲ ಎಂದೇ ನಾವಿಬ್ಬರೂ ತಿಳಿದಿದ್ದೆವು. ಪುಣ್ಯಾತ್ಮ ನನ್ನ ಕೆಮ್ಮಿಗೆ ಔಷಧಿ ಬೇರೆ ಹೇಳುತ್ತಿದ್ದ.

ಇವತ್ತಿನ ಬಟ್ಟೆ ಪೂರ್ತಿ ಕಪ್ಪಿಗೆ ತಿರುಗಿತ್ತು. ನಾನು ಬಾಯಿ ಬಿಗಿಹಿಡಿದು ನಿಂತೆ.

ಅಣ್ಣ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. “ಸರಿ” ಎನ್ನಲಿಲ್ಲ. ಕೊನೆಗೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದ:

“ಯಾಕೆ, ಇವತ್ತು ಕೆಮ್ಮು ಬರ್ಲಿಲ್ವಾ?”

ಮೇಸ್ತ್ರಿ ತಲೆ ತಗ್ಗಿಸಿದ.

ಹಾಗಾದರೆ ಗೊತ್ತಿತ್ತು! ಆರು ವರ್ಷವೂ ಗೊತ್ತಿತ್ತು. ನನ್ನ ಕಣ್ಣಿಂದಲೇ ಕಾರ್ಖಾನೆ ನಡೆಯುತ್ತಿದೆ ಎಂದು ಗೊತ್ತಿದ್ದೂ ಆ ಬೋರ್ಡು ಬರೆಸುತ್ತಿದ್ದ.

“ಮಗ ಸ್ಕೂಲಿಂದ ಬರ್ಲಿ,” ಎಂದೆ, ಕಾರ್ಖಾನೆಗೆಲ್ಲ ಕೇಳುವಂತೆ. “ಇನ್ಮೇಲೆ ಅವನೇ ಕೆಮ್ತಾನೆ.”