ಅಧ್ಯಕ್ಷರು ಕ್ವೀನ್ ಮುಟ್ಟಿದ್ದು

ಬುಕ್ಕಾಪಟ್ಟಣದ ಕುರಿಗಾಹಿ ಮನೆಯ ಗಂಗಾಲಕ್ಷ್ಮಿ ಮೊಬೈಲಿನಲ್ಲೇ ಚೆಸ್ ಕಲಿತವಳು. ಹದಿನಾರು ತುಂಬುವ ಹೊತ್ತಿಗೆ, ಇದೇ ತನ್ನ ಕಸುಬು ಎಂದು ಮನೆಯಲ್ಲಿ ಸಾರಿ, ಅಜ್ಜಿ ನಾಗಕ್ಕನನ್ನು ಕರೆದುಕೊಂಡು ಮಧುಗಿರಿಗೆ ತನ್ನ ಮೊದಲ ಟೂರ್ನಿ ಆಡಲು ಬಂದಳು. ಕಲ್ಯಾಣಮಂಟಪದಲ್ಲಿ ಆಟ. ಕೊನೆಯ ಸುತ್ತಿನಲ್ಲಿ ಎದುರಿಗೆ ಕೂತವರು ಚೆಸ್ ಸಂಘದ ಅಧ್ಯಕ್ಷ ಶಂಕರಲಿಂಗಪ್ಪನವರು. ಟ್ರೋಫಿ ಕೊಡಿಸುವವರೂ ಅವರೇ, ವರ್ಷವರ್ಷ ಅದನ್ನು ಗೆದ್ದು ಮನೆಗೆ ಒಯ್ಯುವವರೂ ಅವರೇ.

ಆಟದ ನಡುವೆ ಅಧ್ಯಕ್ಷರು ಕ್ವೀನ್ ಎತ್ತಿದರು. ಎಲ್ಲಿಟ್ಟರೂ ಅದು ಸಾಯುತ್ತದೆಂದು ಹೊಳೆದದ್ದೇ ಮೆಲ್ಲಗೆ ಇದ್ದಲ್ಲೇ ಇಳಿಸಿದರು.

“ಸಾರ್, ಮುಟ್ಟಿದ ಕಾಯಿ ನಡೆಸ್ಬೇಕು.”

“ಧೂಳು ಒರೆಸ್ದೆ ಕಣಮ್ಮ.”

ಅವಳು ಕೈಯೆತ್ತಿ ತೀರ್ಪುಗಾರ ಅನಿಲ್ ಕುಮಾರ್‌ನನ್ನು ಕರೆದಳು. ಅವನು ಫ್ಯಾನ್ ಕಡೆ ನೋಡುತ್ತ, “ನಾನು ನೋಡ್ಲಿಲ್ಲಮ್ಮ” ಎಂದ.

“ನಾನ್ ನೋಡ್ದೆ ಕಣ್ಲಾ!” ಕಿಟಕಿಯಾಚೆಯಿಂದ ನಾಗಕ್ಕ ಕೂಗಿದಳು. “ಕುರಿ ಕದಿಯೋನೂ ಇಂಗೇ ಅಂತಾನೆ, ಬರೀ ಮೈ ಸವರ್ತಿದ್ದೆ ಅಂತ!”

ಮಂಟಪವೆಲ್ಲ ನಕ್ಕಿತು. ಅನಿಲ್ ಕುಮಾರ್ ಅಜ್ಜಿಯನ್ನು ಗೇಟಿನಾಚೆ ಕಳಿಸಿದ. ಕ್ವೀನ್ ಉಳಿಯಿತು. ಗಂಗಾಲಕ್ಷ್ಮಿ ಸಿಟ್ಟು ನುಂಗಿ, ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತು, ಯೋಚಿಸಿ ಯೋಚಿಸಿ ಆಡಿದಳು.

“ಡ್ರಾ ಮಾಡ್ಕಳಾಣೇನಮ್ಮ?” ಅಧ್ಯಕ್ಷರು ಗೋಗರೆದರು.

“ಬ್ಯಾಡಿ ಸಾರ್.”

ಸಂಜೆಯಾಗುವಷ್ಟರಲ್ಲಿ ಅವರ ರಾಜ ಮೂಲೆ ಸೇರಿ ಸತ್ತಿದ್ದ.

ಅವಳಿಗೆ ಟ್ರೋಫಿ ಕೊಡುವಾಗ ಅಧ್ಯಕ್ಷರು ಮೈಕಿನಲ್ಲಿ, “ಹಳ್ಳಿ ಪ್ರತಿಭೆ ಬೆಳೀಲಿ ಅಂತ ನಾನೇ ಬಿಟ್ಕೊಟ್ಟೆ” ಎಂದರು. ಚಪ್ಪಾಳೆ ಬಿತ್ತು. ಗಂಗಾಲಕ್ಷ್ಮಿ ಮೈಕಿಗೆ ಬಾಗಿ, “ಇಲ್ಲೇ ಇನ್ನೊಂದಾಟ ಆಡಾಣ ಸಾರ್. ಈ ಸಲ ಬುಟ್ಕೊಡ್ಬ್ಯಾಡಿ” ಎಂದಳು. ಕೊರಟಗೆರೆಯಲ್ಲಿ ಯಾರದೋ ನಾಮಕರಣವಿರುವುದು ಅಧ್ಯಕ್ಷರಿಗೆ ಆಗಲೇ ನೆನಪಾಯಿತು.

ಮುಂದಿನ ತಿಂಗಳು ಪಾವಗಡದ ಟೂರ್ನಿಗೆ ಅವಳು ಎದೆಯುಬ್ಬಿಸಿಕೊಂಡು ಹೋದಳು. ಮೊದಲ ಸುತ್ತಿನಲ್ಲೇ, ಹಾಲುಹಲ್ಲು ಬಿದ್ದ ಭುವನಾ ಎಂಬ ಪುಟಾಣಿ ಅವಳನ್ನು ಸೋಲಿಸಿ ಕಡ್ಲೆಪುರಿ ತಿನ್ನಲು ಓಡಿತು. ಗಂಗಾಲಕ್ಷ್ಮಿ ಗೋಡೆಗೆ ಮುಖ ಮಾಡಿ ಅತ್ತಳು. ಜೊತೆಗೆ ಬಂದಿದ್ದ ನಾಗಕ್ಕನಿಗೆ ನಗು ತಡೆಯಲಾಗಲಿಲ್ಲ.

“ಇನ್ನೂ ಹಾಲು ಬುಡದ ಮರಿ ಕಣೇ, ನಿನ್ನೇ ಮೇಯ್ದ್ಬುಡ್ತಲ್ಲ!”

ಗಂಗಾಲಕ್ಷ್ಮಿ ಮೂಗೊರೆಸಿಕೊಂಡು ಹೋಗಿ ಭುವನಾಳನ್ನು ಹುಡುಕಿ, ಮೆಟ್ಟಿಲ ಮೇಲೆ ಬೋರ್ಡ್ ಹಾಸಿದಳು. “ನಾನೆಲ್ಲಿ ಕೆಟ್ಟೆ, ತೋರ್ಸೇ.”

ಭುವನಾ ಬೆರಳು ನೆಕ್ಕಿ ಕುದುರೆಯನ್ನು ಹಿಂದಕ್ಕಿಟ್ಟಳು. “ಇಲ್ಲಿ ಅಕ್ಕಾ. ನೀನು ಟಕ್ಕಂತ ಆಡ್ಬುಟ್ಟೆ.”

ಅಲ್ಲಿಂದ ಮತ್ತೆ ಆಡಿದರು. ಗಂಗಾಲಕ್ಷ್ಮಿ ಮತ್ತೆ ಸೋತಳು. ಸೋತವರೂ ಆಡುವ ಎರಡನೇ ಸುತ್ತಿಗೆ ತನ್ನ ಹೆಸರು ಕೂಗಿದಾಗ ಎದ್ದು ಒಳಗೆ ಓಡಿದಳು.