ದಣಿಯದ ಗ್ರಂಥಿ

ಎರಡೇ ಸಲ ಬಡಿದುಕೊಂಡು ನಿಂತಿತು, ಆಸ್ಪತ್ರೆಯಲ್ಲಿ ಚೀಟಿ ಕೊಡುವವಳ ಮೇಜಿನ ಫೋನು, ಅಷ್ಟರಲ್ಲಿ ಎದುರು ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಇವಳ ಕೈ ಕಿವಿಯ ಬಳಿ ಹೋಗಿಬಿಟ್ಟಿತ್ತು, ಇಲ್ಲದ ಹೆಡ್‌ಫೋನು ಸರಿಪಡಿಸಲು, ಹೆಗಲು ಸೆಟೆದು, ಎದೆ ಡವಡವ — ಯಾರದೋ ಫೋನು, ಯಾರೋ ಎತ್ತುತ್ತಾರೆ, ನಿನಗೇನು ಎಂದರೆ ಎದೆ ಕೇಳಬೇಕಲ್ಲ, ಆಂಬುಲೆನ್ಸ್ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಕರೆ ತೆಗೆದುಕೊಂಡ ಎದೆ ಅದು, ಮೊದಲ ಸದ್ದಿಗೇ ಎದ್ದು ನಿಲ್ಲುವುದು ಕಲಿತಿದೆ, ಕುಳಿತುಕೊಳ್ಳುವುದು ಮರೆತಿದೆ. ಪಕ್ಕದಲ್ಲಿ ತಂಗಿ, ತಂಗಿಯ ಚೀಲದಲ್ಲಿ ಆ ಡಬ್ಬಿ, ದಣಿದ ಅಡ್ರಿನಲ್ ಗ್ರಂಥಿಗೆ ಬಲ ಬರುತ್ತದೆಂದು ಯಾರೋ ಹೇಳಿ ತರಿಸಿದ ಪುಡಿ, ದಿನಕ್ಕೆರಡು ಚಮಚ, ನಾಲಿಗೆಗೆ ಹಳೆಯ ಕಪಾಟಿನ ಧೂಳು. ಎರಡು ತಿಂಗಳಾಯ್ತಲ್ಲೇ ಅಕ್ಕ ಕುಡಿಯೋಕೆ ಶುರು ಮಾಡಿ, ಒಂಚೂರೂ ಚುರುಕಾಗ್ಲಿಲ್ವಾ? ಡಬ್ಬಿ ಚುರುಕಾಗಿ ಖಾಲಿಯಾಗ್ತಿದೆ ಕಣೇ, ನಾನಲ್ಲ. ತಂಗಿ ನಕ್ಕಳು, ನಕ್ಕು ಆಮೇಲೆ ಅವಳ ಮೊಣಕೈ ಹಿಡಿದುಕೊಂಡಳು, ಬಿಡಲಿಲ್ಲ. ಒಂಬತ್ತು ಗಂಟೆ ಮಲಗಿ ಎದ್ದರೂ ಕಲ್ಲು ಹೊತ್ತು ಬಂದವಳ ಮೈ, ತಲೆ ಬಾಚಲು ಎತ್ತಿದ ಕೈ ಅರ್ಧದಲ್ಲೇ ಸಾಕು ಎನ್ನುತ್ತದೆ, ಮೆಟ್ಟಿಲ ನಡುವೆ ಕುಳಿತರೆ ಮೇಲೆ ಹೋಗುತ್ತಿದ್ದೆನೋ ಕೆಳಗೋ ನೆನಪಾಗುವುದಿಲ್ಲ — ದೇವರೇ, ಗ್ರಂಥಿಯೇ ಕೆಟ್ಟಿರಲಿ. ಹೀಗೂ ಯಾರಾದರೂ ಬೇಡಿಕೊಳ್ಳುತ್ತಾರೆಯೇ, ಅವನಿಗೂ ಕೇಳಿ ಕೇಳಿ ಬೇಸರವಾಗಿರಬೇಕು, ಆದರೆ ಗ್ರಂಥಿ ಕೆಟ್ಟಿದ್ದರೆ ಅದಕ್ಕೊಂದು ಹೆಸರಿದೆ, ಮಾತ್ರೆ ಇದೆ, ಕೆಟ್ಟಿಲ್ಲವೆಂದರೆ ಉಳಿಯುವುದು ಆ ಭಾನುವಾರ ಒಂದೇ. ನಿನ್ನೆ ಬೆಳಿಗ್ಗೆ ಎಂಟಕ್ಕೇ ರಕ್ತ ಕೊಡಬೇಕೆಂದಿದ್ದರು, ಆ ಹೊತ್ತಿಗೇ ಅದು ಹೆಚ್ಚಿರುತ್ತದಂತೆ, ಮನುಷ್ಯನನ್ನು ಎಬ್ಬಿಸಿ ನಿಲ್ಲಿಸುವ ಗ್ರಂಥಿಯ ಆ ರಸ, ಸೂಜಿ ಹಿಡಿದವನು ಕೈ ಸಡ್ಲ ಬಿಡಿ ಅಮ್ಮಾ, ಇಷ್ಟು ಬಿಗಿ ಹಿಡಿದ್ರೆ ಹೆಂಗೆ, ಸಡ್ಲ, ಎಂದು ಮೂರು ಸಲ ಹೇಳಿದ, ಅವಳು ಬಿಟ್ಟೇ ಇದ್ದಳು, ಕೈಯೇ ಬಿಟ್ಟಿರಲಿಲ್ಲ.

ಅಕ್ಕಾ ಏಳು, ಕರೀತಿದಾರೆ. ಡಾಕ್ಟರಮ್ಮನ ಕೋಣೆ, ಕಿಟಕಿಯ ಬಳಿ ತೂಕದ ಯಂತ್ರ, ಮೇಜಿನ ಮೇಲೆ ಅವಳ ವರದಿ, ಕನ್ನಡಕ ಹಣೆಗೇರಿಸಿ ಡಾಕ್ಟರಮ್ಮ ಅವಳನ್ನೇ ನೋಡುತ್ತಿದ್ದಾರೆ, ಕಾಗದವನ್ನಲ್ಲ — ಎಲ್ಲಾ ಸರಿಯಾಗಿದೆಯಮ್ಮ. ಸರಿಯಾಗಿದೆಯೇ. ಸರಿಯಾಗಿದೆ, ರಕ್ತ ಕಮ್ಮಿ ಇಲ್ಲ, ಥೈರಾಯ್ಡ್ ಸರಿ, ಈ ಗ್ರಂಥಿನೂ ಸರಿ. ಮತ್ತೆ ಈ ಪುಡಿ, ಎಂದು ತಂಗಿ ಡಬ್ಬಿ ಮೇಜಿನ ಮೇಲಿಟ್ಟಳು, ಗ್ರಂಥಿ ದಣಿದಿದೆ ಅಂತ ಅವ್ರ್ಯಾರೋ ಹೇಳಿದ್ರಲ್ಲ? ಗ್ರಂಥಿ ದಣಿಯೋದಿಲ್ಲ ತಾಯಿ, ಮೂತ್ರಪಿಂಡದ ಮೇಲೆ ಟೋಪಿ ಹಾಗೆ ಕೂತಿರತ್ತೆ, ಭಯ ಅಂದ್ರೆ ಸಾಕು, ತನ್ನ ಕೆಲ್ಸ ಮಾಡತ್ತೆ, ದಣಿಯೋದು ನಾವು, ಇದನ್ನ ನಿಲ್ಸಿ, ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ನಿದ್ದೆ, ಬೆಳಗಿನ ಬಿಸಿಲಲ್ಲಿ ನಾಲ್ಕು ಹೆಜ್ಜೆ, ಒಂದು ತಿಂಗಳು ಆ ಕಚೇರಿ ಫೋನಿಂದ ದೂರ, ರಜೆಗೆ ಪತ್ರ ನಾನು ಬರೆದುಕೊಡ್ತೀನಿ. ಆಮೇಲೆ ಪೆನ್ನು ಕೆಳಗಿಟ್ಟು, ಯಾವಾಗಿಂದ ಅಮ್ಮಾ ಹೀಗೆ?

ಯಾವಾಗಿನಿಂದ — ಐದು ತಿಂಗಳು, ಭಾನುವಾರ, ಸಂಜೆ ನಾಲ್ಕು, ಅಡುಗೆಮನೆಯಲ್ಲಿ ಮನೆಯವರು ನಲ್ಲಿಗೆ ಹೊಸ ವಾಷರು ಹಾಕುತ್ತಿದ್ದವರು ಬಿದ್ದರು, ಅಷ್ಟೇ, ಬಿದ್ದರು. ಅವಳು ತನ್ನ ಕಚೇರಿಗೇ ಫೋನು ಮಾಡಿದಳು, ತಾನೇ ಕೆಲಸ ಕಲಿಸಿದ ಹುಡುಗಿ ಎತ್ತಿದಳು, ಮೊದಲು ವಿಳಾಸ, ಆಮೇಲೆ ಉಳಿದದ್ದು, ಎಷ್ಟು ಸಲ ಗದರಿಸಿ ಹೇಳಿಕೊಟ್ಟಿದ್ದಳು, ಲೈನು ಕಡಿದುಹೋದರೂ ಗಾಡಿ ಹೊರಡಬೇಕು ನೋಡು, ಅಳು ಕೇಳುತ್ತಾ ಕೂರಬೇಡ — ಹೇಳಿ, ವಿಳಾಸ ಹೇಳಿ, ಎಂದಳು ಆ ಹುಡುಗಿ, ವಿಳಾಸ ಹೇಳಿ, ಎಂದಳು ಇವಳೂ. ನೀವು ಹೇಳಿ, ಎಂದು ಹುಡುಗಿ. ಗಾಬರಿಯಾಗಬೇಡಿ, ವಿಳಾಸ ಹೇಳಿ, ಮನೆ ನಂಬರು ಹೇಳಿ, ಎಂದು ಇವಳು, ಕಚೇರಿಯ ದನಿಯಲ್ಲೇ, ಒಂದು ಎಳೆ ನಡುಗದೆ. ಅಕ್ಕಾ? ಅಯ್ಯೋ, ಅಕ್ಕಾ, ನೀವಾ, ನಿಮ್ಮನೇಲಾ? ಅರ್ಧ ನಿಮಿಷವೂ ಹೋಗಿಲ್ಲ ಕಣಮ್ಮಾ, ಎಂದು ಆಮೇಲೆ ಎಲ್ಲರೂ ಹೇಳಿದರು, ಕರೆಯ ರೆಕಾರ್ಡಿಂಗ್ ಮತ್ತೆ ಹಾಕಿ ಕೇಳಿ ಹೇಳಿದರು, ಗಾಡಿ ಹೊತ್ತಿಗೇ ಬಂತು, ಹೃದಯವೇ ನಿಂತಿತ್ತು, ದೇವರು ಕರೆಸಿಕೊಂಡ, ನಿಂದೇನು ತಪ್ಪು, ಅಷ್ಟು ವರ್ಷದ ಅಭ್ಯಾಸ ಬಾಯಿಗೆ ಬಂತು. ನಿಜ, ಅರ್ಧ ನಿಮಿಷವೂ ಇಲ್ಲ, ಅದಲ್ಲ.

ಅದಲ್ಲ ಡಾಕ್ಟರಮ್ಮ, ಎಂದಳು, ಜೋರಾಗಿಯೇ ಎಂದಿರಬೇಕು, ತಂಗಿ ತಿರುಗಿದಳು. ವಿಳಾಸ ಅವರು ಹೇಳಿದ್ರು. ಯಾರಮ್ಮಾ? ನಮ್ಮನೆಯವರು. ನಾನು ಫೋನಲ್ಲಿ ಕೇಳಿದ್ದು ಅವರನ್ನೇ ಅಂದ್ಕೊಂಡ್ರು. ಅಕ್ಕಾ, ಇದನ್ನ ನನಗೂ ಹೇಳ್ಲಿಲ್ವಲ್ಲೇ, ಎಂದು ತಂಗಿ, ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡು ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿಟ್ಟುಕೊಂಡರು, ಈ ಸಲ ಕೈ ತಾನಾಗಿಯೇ ಸಡಿಲವಾಯಿತು, ದಿನಾ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಬರುವುದು ಇದೇ, ಮುಂದಕ್ಕೂ ಹೋಗುವುದಿಲ್ಲ ಹಿಂದಕ್ಕೂ ಹೋಗುವುದಿಲ್ಲ — ಒದ್ದೆ ನೆಲದ ಮೇಲೆ ಒಂದು ಕೆನ್ನೆ, ಅವಳತ್ತ ತಿರುಗಿದ ಕಣ್ಣು, ಉಸಿರು ಸಿಕ್ಕದ ಆ ತುಟಿ, ಅಪರಿಚಿತಳಿಗೆ ಹೇಳುವಂತೆ, ನಿಧಾನವಾಗಿ, ಒಂದೂ ತಪ್ಪದೆ, ಹದಿನೇಳು, ಎರಡನೇ ಅಡ್ಡರಸ್ತೆ, ನೀರಿನ ಟ್ಯಾಂಕಿನ ಎದುರು, ನೀರಿನ ಟ್ಯಾಂಕಿನ ಎದುರು —