ಲೆಕ್ಕದಮ್ಮ ಜಲಪಾತ ನೋಡಿದ್ದು

ಪಕ್ಕದ ಮನೆಯಿಂದ ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬರುತ್ತಿದ್ದ ಸೊಸೆ ಬಾಗಿಲ ಹೊರಗೇ ನಿಂತುಬಿಟ್ಟಳು. ಒಳಗೆ ಯಾರೋ ಕೇಳುತ್ತಿದ್ದರು: “ಅದೆಲ್ಲ ಹೋಗ್ಲಿ, ವ್ಯಾನ್ ಹೊರಡುವಾಗ ಎಣಿಸಿದ್ದು ಯಾರು?”

ಅತ್ತೆಯ ತಂಗಿ ಸುಮ್ಮನೆ ಕೆಮ್ಮಿದರು, ನಾದಿನಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಎಣಿಸಿದ್ದು ಸೊಸೆ ಅಂತ ಮನೆಯವರಿಗೆಲ್ಲ ಗೊತ್ತು. ಹಾಗಂತ ಒಬ್ಬರಾದರೂ ಬಾಯಿಬಿಟ್ಟು ಬೈದಿದ್ದರೆ ಅವಳೂ ಗಟ್ಟಿಯಾಗಿ ಅತ್ತು ಹಗುರಾಗುತ್ತಿದ್ದಳೋ ಏನೋ. ಎಲ್ಲರೂ ಅವಳ ಬೆನ್ನು ಸವರುವವರೇ. ಆ ಸವರಾಟವೇ ಅವಳಿಗೆ ಮೈ ಉರಿಸುತ್ತಿತ್ತು.

ನಡುಮನೆಯಲ್ಲಿ ತಲೆಯ ಬಳಿ ದೀಪ ಹಚ್ಚಿ ಅತ್ತೆಯನ್ನು ಮಲಗಿಸಿದ್ದರು. ಬೆಳಿಗ್ಗೆ ಎದ್ದವಳೇ ಸೊಸೆ ದಿನದ ಹಾಗೆ ಅತ್ತೆಗೆಂದು ಸಕ್ಕರೆ ಹಾಕದ ಚಹಾ ಬೇರೆ ಸೋಸಿ, ಲೋಟ ಹಿಡಿದು ನಡುಮನೆಗೆ ಬಂದು, ಅಲ್ಲಿ ಮಲಗಿದ್ದವರನ್ನು ಕಂಡು ಲೋಟ ಕೈಬಿಟ್ಟಿದ್ದಳು. ನಿನ್ನೆ ಇಷ್ಟು ಹೊತ್ತಿಗೆ ಈ ಹೆಂಗಸು ಮೊಮ್ಮಕ್ಕಳಿಗೆ ಕಾಲುಚೀಲ ಹಾಕುತ್ತ ಎಲ್ಲರನ್ನೂ ಗದರಿಸುತ್ತಿದ್ದರು. ಒಂದು ರಾತ್ರಿ ಕಳೆಯುವಷ್ಟರಲ್ಲಿ ಹೀಗೆ ಎಂದರೆ ಯಾರು ನಂಬಬೇಕು?

ಅತ್ತೆ ಶಾಲೆಯ ವ್ಯಾನಿನಲ್ಲಿ ಆಯಾ ಆಗಿದ್ದವರು. ಮಕ್ಕಳನ್ನು ಹತ್ತಿಸಿಕೊಂಡ ಮೇಲೆ ಒಂದೊಂದು ನೆತ್ತಿಯನ್ನೂ ಕೈಯಿಂದ ಮುಟ್ಟಿ ಎಣಿಸಬೇಕು. ಬರೀ ಕಣ್ಣಲ್ಲಿ ಎಣಿಸಿದರೆ ಆ ಕೋತಿಗಳು ಜಾಗ ಬದಲಾಯಿಸಿ ಯಾಮಾರಿಸುತ್ತವೆ ಎನ್ನುತ್ತಿದ್ದರು. ಡ್ರೈವರಣ್ಣ ಹಿಂದಕ್ಕೆ ತಿರುಗಿಯೂ ನೋಡದೆ “ಲೆಕ್ಕ?” ಅನ್ನಬೇಕು, ಬಾಗಿಲ ಪಕ್ಕದ ಸೀಟಿನಿಂದ ಅತ್ತೆ “ಸರಿ, ಹೊರಡಿ” ಅನ್ನಬೇಕು, ಆಮೇಲೇ ವ್ಯಾನು ಅಲ್ಲಾಡುತ್ತಿದ್ದದ್ದು. ಮಕ್ಕಳು ಅವರಿಗೆ ಇಟ್ಟ ಹೆಸರು ಲೆಕ್ಕದಮ್ಮ. ಆ ಮಕ್ಕಳಿಗೆಲ್ಲ ಈಗ ಮೀಸೆ ಬಂದು, ಅದರಲ್ಲಿ ಬಿಳಿಯೂ ಇಣುಕುತ್ತಿದೆ. ಅಂಥವನೊಬ್ಬ, ಬಾಗಿಲ ತುಂಬ ಇದ್ದ ಆಳು, ಒಳಗೆ ಬಂದು ಅತ್ತೆಯ ಪಕ್ಕ ಮಂಡಿಯೂರಿ, ತಲೆಯನ್ನು ಅವರ ಕೈಯ ಹತ್ತಿರ ಬಗ್ಗಿಸಿ ಬಹಳ ಹೊತ್ತು ಕೂತ. ಸೊಸೆಗೆ ನೋಡಲಾಗಲಿಲ್ಲ, ಕುರ್ಚಿ ಅಲ್ಲೇ ಇಟ್ಟು ಅಡುಗೆಮನೆಗೆ ಹೋದಳು.

*

ಜಲಪಾತಕ್ಕೆ ಹೋಗೋಣ ಎಂದು ಹಟ ಹಿಡಿದದ್ದು ಅತ್ತೆಯೇ. ಶಾಲೆಯ ಪ್ರವಾಸದಲ್ಲಿ ಎಷ್ಟೋ ಸಲ ಹೋಗಿಬಂದ ಜಾಗ, ಅಲ್ಲಿ ನೋಡದ್ದು ಏನು ಉಳಿದಿದೆ ಎಂದು ಮಗ ಕೇಳಿದರೆ ನಕ್ಕು ಸುಮ್ಮನಾದರು. ಶಾಲೆಯವರು ಮಾರಿದ ಹಳೇ ವ್ಯಾನನ್ನು ಡ್ರೈವರಣ್ಣನೇ ಕೊಂಡುಕೊಂಡಿದ್ದ. ಅದೇ ವ್ಯಾನು, ಅದೇ ಡ್ರೈವರು, ಬಾಗಿಲ ಪಕ್ಕ ಅದೇ ಲೆಕ್ಕದಮ್ಮ.

ಮಗ, ಸೊಸೆ, ಅವರ ಎರಡು ಮಕ್ಕಳು, ಮಗಳು, ಅಳಿಯ, ಅವರ ಪುಟ್ಟಿ, ಕೊನೆಗೆ ತಂಗಿ, ಹೀಗೆ ಒಬ್ಬೊಬ್ಬರ ನೆತ್ತಿಯನ್ನೂ ಮುಟ್ಟಿ ಅತ್ತೆ ಎಣಿಸಿದರು. ಅಳಿಯ ಬೋಳುತಲೆಯನ್ನು ತಾನೇ ಮುಂದೆ ಒಡ್ಡಿದ್ದಕ್ಕೆ ವ್ಯಾನೆಲ್ಲ ನಗು.

“ಎಂಟು. ನೀನೂ ನೆನಪಿಟ್ಕೊಳೇ, ನನಗೀಗ ಮರೆವು,” ಎಂದು ಸೊಸೆಗೆ ಹೇಳಿ, “ಸರಿ, ಹೊರಡಿ” ಎಂದರು.

ವ್ಯಾನಿನಲ್ಲಿ ಆಯಾ ಎಂದೂ ತನ್ನನ್ನು ಎಣಿಸಿಕೊಂಡವಳಲ್ಲ. ಎಂಟು ಎಂದರೆ ಅತ್ತೆಯನ್ನು ಬಿಟ್ಟು ಎಂಟು. ಅದು ಅವರಿಗೆ ಎಷ್ಟು ಸಹಜವಾಗಿತ್ತೆಂದರೆ ಹೇಳಬೇಕು ಎಂದೂ ತೋಚಲಿಲ್ಲ, ಸೊಸೆಗೆ ಕೇಳಬೇಕು ಎಂದೂ ತೋಚಲಿಲ್ಲ.

*

“ನಿಮ್ಮತ್ತೆ ಪುಣ್ಯವಂತೆ ಕಣಮ್ಮ, ನರಳಲಿಲ್ಲ, ಹಾಸಿಗೆ ಹಿಡೀಲಿಲ್ಲ,” ಎಂದು ಅಡುಗೆಮನೆಯಲ್ಲಿ ಪಕ್ಕದ ಮನೆಯಾಕೆ ಹೇಳಿದಳು. ಹೃದಯ ನಿಂತದ್ದಂತೆ, ಎಲ್ಲಿದ್ದರೂ ನಿಲ್ಲುತ್ತಿತ್ತಂತೆ, ಡಾಕ್ಟರೇ ಹಾಗಂದರಂತಲ್ಲ. ಸೊಸೆ ಹೂಂಗುಟ್ಟಿದಳು. ಡಾಕ್ಟರು ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಅತ್ತೆ ಬೆನ್ನು ಹಾಕಿ ಕೂತಿದ್ದದ್ದು.

*

ಸಂಜೆ ಎಲ್ಲರೂ ನೀರಿನ ಹನಿಗೆ ತೊಯ್ದು ತೊಪ್ಪೆಯಾಗಿ ವ್ಯಾನಿಗೆ ಓಡಿಬಂದಿದ್ದರು. ಕಿಟಕಿ ಸೀಟಿಗೆ ಮಕ್ಕಳ ಜಗಳ, ಟವೆಲ್ಲಿಗೆ ದೊಡ್ಡವರ ಕೂಗಾಟ. ಸೊಂಟ ನೋವು, ಬರುವಾಗ ಹಿಂದಿನ ಸೀಟಿನಲ್ಲಿ ಮಲಗಿ ಬರುತ್ತೇನೆ ಎಂದು ಅತ್ತೆ ಮೊದಲೇ ಹೇಳಿ ಶಾಲು, ಚೀಲ ಅಲ್ಲಿಟ್ಟಿದ್ದರು. ಪುಟ್ಟಿಯ ಕೆಂಪು ಟೋಪಿ ಬೆಂಚಿನ ಮೇಲೇ ಉಳಿಯಿತೆಂದು ಅವರು ಇಳಿದು ಹೋದದ್ದನ್ನು ಆ ಗಲಾಟೆಯಲ್ಲಿ ಯಾರೂ ನೋಡಲಿಲ್ಲ.

“ಲೆಕ್ಕ?” ಎಂದ ಡ್ರೈವರಣ್ಣ, ಮುಂದಕ್ಕೆ ನೋಡುತ್ತಲೇ.

ಪಾಪ, ಅತ್ತೆಗೆ ಜೊಂಪು ಹತ್ತಿರಬೇಕು, ಎಬ್ಬಿಸುವುದೇಕೆ ಎಂದು ಸೊಸೆ ಕೂತಲ್ಲಿಂದಲೇ ತಿರುಗಿ ಕಣ್ಣಲ್ಲಿ ಎಣಿಸಿದಳು. ತನ್ನನ್ನೂ ಸೇರಿಸಿಕೊಂಡಳು. ಎಂಟು. ಬೆಳಿಗ್ಗೆಯೂ ಎಂಟು.

“ಎಂಟು. ಸರಿ, ಹೊರಡಿ,” ಎಂದಳು. ಅತ್ತೆಯ ಧಾಟಿಯಲ್ಲೇ ಹೇಳಿದೆನಲ್ಲ ಎಂದು ಚೂರು ಹಿಗ್ಗೂ ಆಗಿತ್ತು.

ಪೆಟ್ರೋಲ್ ಬಂಕಿನಲ್ಲಿ ಪುಟ್ಟಿ ಬಿಸ್ಕತ್ತು ಹುಡುಕಿಕೊಂಡು ಹಿಂದಿನ ಸೀಟಿಗೆ ಹತ್ತಿದಳು. “ಅಜ್ಜಿ ಇಲ್ಲ ಇಲ್ಲಿ. ಬರೀ ಶಾಲು,” ಎಂದಳು ಸೊಸೆಗೆ.

ಅತ್ತೆಗೆ ಫೋನು ಮಾಡಿದರೆ ಅದು ಹಿಂದಿನ ಸೀಟಿನ ಚೀಲದಲ್ಲೇ ಹಾಡತೊಡಗಿತು. ಡ್ರೈವರಣ್ಣ ವ್ಯಾನು ತಿರುಗಿಸಿದ.

ಜಲಪಾತದ ಪಾರ್ಕಿನ ಗೇಟಿನೊಳಗೆ ಎರಡು ಕಲ್ಲುಬೆಂಚು. ಒಂದು ರಸ್ತೆ ಕಡೆಗೆ, ಒಂದು ನೀರಿನ ಕಡೆಗೆ. ಮನೆಯವರಿಗಾಗಿ ಕಾಯುವವರು ಯಾರಾದರೂ ರಸ್ತೆ ಕಡೆಯದರಲ್ಲಿ ಕೂರುತ್ತಾರೆ. ಅದು ಖಾಲಿಯಿತ್ತು. ಅತ್ತೆ ರಸ್ತೆಗೆ ಬೆನ್ನು ಹಾಕಿ ಇನ್ನೊಂದರಲ್ಲಿ ಕೂತಿದ್ದರು. ಸೊಸೆ “ಅತ್ತೆ” ಎಂದು ಕೂಗಿದಳು. ತಿರುಗಲಿಲ್ಲ. ಸಿಟ್ಟು ಬಂದಿದೆ, ಬರಬೇಕಾದ್ದೇ, ಬೈಸಿಕೊಂಡರಾಯಿತು ಎಂದುಕೊಂಡು ಬೆಂಚು ಸುತ್ತಿ ಎದುರಿಗೆ ಹೋಗಿ ನಿಂತಳು. ಅಷ್ಟೇ. ಅತ್ತೆಯ ಕಣ್ಣು ನೀರಿನ ಕಡೆಗೇ ತೆರೆದಿತ್ತು, ಉಸಿರಿರಲಿಲ್ಲ.

ತಮ್ಮನ್ನು ಬಿಟ್ಟು ವ್ಯಾನು ಹೋದದ್ದನ್ನು ಅತ್ತೆ ಕಣ್ಣಾರೆ ನೋಡಿದರೇ? ನೋಡಿ, ಇಂಥವರ ಮುಖ ಇನ್ನು ನೋಡಬಾರದು ಎಂದು ಆ ಕಡೆ ತಿರುಗಿ ಕೂತರೇ?

*

ಅತ್ತೆಯನ್ನು ಹೊರಡಿಸುವ ಹೊತ್ತಿಗೆ ಖಾಕಿ ಅಂಗಿಯವನೊಬ್ಬ ಬಾಗಿಲಲ್ಲಿ ನಿಂತ. ಪಾರ್ಕಿನ ಗಾರ್ಡು. ಕೈಯಲ್ಲಿ ಪುಟ್ಟಿಯ ಕೆಂಪು ಟೋಪಿ. ನಿನ್ನೆಯ ಗಡಿಬಿಡಿಯಲ್ಲಿ ಬೆಂಚಿನ ಕೆಳಗೆ ಬಿದ್ದಿತ್ತಂತೆ, ಆಸ್ಪತ್ರೆಯಲ್ಲಿ ವಿಳಾಸ ಕೇಳಿಕೊಂಡು ಬಂದನಂತೆ. ಸೊಸೆ ಟೋಪಿ ತೆಗೆದುಕೊಂಡಳು. ಕೇಳುವುದೋ ಬೇಡವೋ ಎಂದು ಅದನ್ನು ಮಡಿಸಿದಳು, ಬಿಚ್ಚಿದಳು. ಕೊನೆಗೆ ಕೇಳಿಯೇಬಿಟ್ಟಳು.

“ಅವರು ವ್ಯಾನ್ ಹೋಗಿದ್ದು ನೋಡಿದ್ರಾ?”

ಗಾರ್ಡು ಕಾಲು ಬದಲಿಸಿದ. “ನೋಡಿದ್ರಮ್ಮ. ಕೈ ಎತ್ಕೊಂಡು ಓಡಿದ್ರು. ನಾನೂ ಸೀಟಿ ಊದಿದೆ. ಆ ನೀರಿನ ಸದ್ದಲ್ಲಿ ಯಾರಿಗೆ ಕೇಳುತ್ತೆ?”

ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು.

“ನನಗೆ ಸಿಟ್ಟು ಬಂತು. ಎಂಥಾ ಜನಾನಮ್ಮ ನಿಮ್ಮೋರು ಅಂದೆ. ಅವರು ನನಗೇ ಗದರಿದ್ರು. ಆಮೇಲೆ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ‘ನನ್ನ ಸೊಸೆ ಎಂಟು ಅಂತ ಎಣಿಸಿರ್ತಾಳೆ, ನಾನೇ ಹೇಳ್ಕೊಟ್ಟ ಲೆಕ್ಕ. ಬರ್ತಾರೆ ಬಿಡಿ. ಬರ್ಲಿ, ಇನ್ನೊಂದು ವರ್ಷ ಅವಳನ್ನ ಆಡ್ಕೊಂಡು ನಗ್ತೀನಿ’ ಅಂದ್ರು.”

“ಮತ್ತೆ ಆ ಕಡೆ ತಿರುಗಿ ಕೂತಿದ್ದು?” ಎಂದಳು ಸೊಸೆ.

“ರಸ್ತೆ ಕಡೆ ಕೂತ್ಕೊಳ್ಳಿ, ಬಂದ್ರೆ ಕಾಣುತ್ತೆ ಅಂದೆ. ಬೇಡ ಅಂದ್ರು. ಮಕ್ಕಳನ್ನ ಕರ್ಕೊಂಡು ಎಷ್ಟು ಸಲ ಬಂದ್ರೂ ನೀರಿಗೆ ಬೆನ್ನು ಹಾಕಿ ಅವುಗಳ ತಲೆ ಕಾಯೋದೇ ಆಯ್ತಂತೆ. ನಿನ್ನೇನೂ ಅದೇ ಆಯ್ತಂತೆ. ಈಗ ಎಣಿಸೋಕೆ ಯಾರೂ ಇಲ್ಲ, ಒಂದ್ಸಲ ನೋಡ್ಬಿಡ್ತೀನಿ ಅಂತ ಆ ಕಡೆ ತಿರುಗಿ ಕೂತ್ರು. ನಾನು ಗೇಟಿಗೆ ಹೋದೆ. ಚೆನ್ನಾಗೇ ಇದ್ರಮ್ಮ.”

ಸೊಸೆ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು, ನಿನ್ನೆಯಿಂದ ಬಾರದ ಅಳುವನ್ನು ಮನೆ ಹಾರಿಹೋಗುವ ಹಾಗೆ ಅತ್ತಳು. ಯಾರೂ ಬೆನ್ನು ಸವರಲು ಬರಲಿಲ್ಲ.

ಸ್ಮಶಾನಕ್ಕೆ ಬೇರೆ ಗಾಡಿ ಬೇಡ, ನಾನೇ ಕರೆದೊಯ್ಯುತ್ತೇನೆ ಎಂದು ಡ್ರೈವರಣ್ಣ ವ್ಯಾನಿನ ನಡುವಿನ ಸೀಟು ಬಿಚ್ಚಿ ತಂದಿದ್ದ. ಅತ್ತೆಯನ್ನು ಅಲ್ಲಿ ಮಲಗಿಸಿದರು. ಸುತ್ತ ನಿನ್ನೆ ಹೋದವರೇ ಇಕ್ಕಟ್ಟಿನಲ್ಲಿ ಕೂತರು. ಬಾಗಿಲು ಮುಚ್ಚಿತು.

“ಲೆಕ್ಕ?” ಎಂದುಬಿಟ್ಟ ಡ್ರೈವರಣ್ಣ, ಅಭ್ಯಾಸಬಲದಿಂದ. ಅಂದವನೇ ನಾಲಿಗೆ ಕಚ್ಚಿಕೊಂಡ.

ಬಾಗಿಲ ಪಕ್ಕದ ಸೀಟಿನಿಂದ ಸೊಸೆ ಎದ್ದಳು. ಗಂಡನ ನೆತ್ತಿ ಮುಟ್ಟಿದಳು. ಮಕ್ಕಳದು, ನಾದಿನಿಯದು, ಅವಳ ಗಂಡನ ಬೋಳುತಲೆ, ಪುಟ್ಟಿಯ ಕೆಂಪು ಟೋಪಿ, ಅತ್ತೆಯ ತಂಗಿಯದು. ತನ್ನ ನೆತ್ತಿಯನ್ನೂ ಮುಟ್ಟಿಕೊಂಡು ಎಂಟು ಎಂದಳು. ಆಮೇಲೆ ಬಗ್ಗಿ, ಬಿಳಿ ಬಟ್ಟೆಯ ಮೇಲಿಂದ ಅತ್ತೆಯ ನೆತ್ತಿಯ ಮೇಲೆ ಅಂಗೈ ಇಟ್ಟಳು.

“ಒಂಬತ್ತು.”

ಇಷ್ಟು ವರ್ಷ ಒಮ್ಮೆಯೂ ಹಿಂದಕ್ಕೆ ನೋಡದ ಡ್ರೈವರಣ್ಣ ಸ್ಟೀರಿಂಗ್ ಬಿಟ್ಟು ಪೂರ್ತಿ ತಿರುಗಿದ. ಒಬ್ಬೊಬ್ಬರ ಮುಖವನ್ನೂ ನೋಡಿದ, ಕೊನೆಗೆ ಆ ಅಂಗೈಯ ಕೆಳಗಿನ ಬಿಳಿ ಬಟ್ಟೆಯನ್ನೂ ನೋಡಿದ. ನೋಡಿಯಾದ ಮೇಲೆ ವ್ಯಾನು ನಿಧಾನವಾಗಿ ಅಲ್ಲಾಡಿತು.